ಅಕ್ಕನ ಡಬ್ಲ್ಯೂ

ಭಾವ ಫೋನ್ ಮಾಡಿದ್ದೇ ಒಂದು ಆಶ್ಚರ್ಯ, ಸಹಾಯ ಕೇಳಿ ಮಾಡಿದ್ದು ಅದಕ್ಕಿಂತ ದೊಡ್ಡ ಆಶ್ಚರ್ಯ. ಯಾರ ಹಂಗಿಗೂ ಬೀಳದ ಮನುಷ್ಯ ಅಂತ ಬಂಧುಬಳಗದಲ್ಲೆಲ್ಲ ಹೆಸರು ಮಾಡಿದವನು ಅವನು.

"ಏನಮ್ಮ ಇಂಜಿನಿಯರು, ನಿನ್ನ ವಿದ್ಯೆ ಸ್ವಲ್ಪ ನಮ್ಮನೆಗೂ ತಗೊಂಡು ಬಾ," ಎಂದು ನಕ್ಕ. "ಆಫೀಸಿನವರು ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಮನೆ ವೈಫೈ ಹಿಡೀತಾನೇ ಇಲ್ಲ. ಪಾಸ್‌ವರ್ಡ್ ಹಾಕ್ತೀನಿ, ಸುತ್ತುತ್ತೆ, ಸುತ್ತುತ್ತೆ, ಕೊನೆಗೆ ಆಗಲ್ಲ ಅನ್ನುತ್ತೆ. ಸಂಜೆ ಹೊಸ ಜಾಗದವರ ಜೊತೆ ಮೀಟಿಂಗ್ ಇದೆ. ನಾಳೆ ಬೆಳಿಗ್ಗೆ ಸಾಮಾನು ಸಾಗಿಸೋ ಲಾರಿ ಬರುತ್ತೆ. ಹೊರಗಿನವರನ್ನ ಕರೆಯೋಕೆ ಮನಸ್ಸಿಲ್ಲ."

ಬರುತ್ತೇನೆ ಎಂದಳು ಕುಳ್ಳಿ. ಕುಳ್ಳಿ ಎಂಬುದು ಅವಳ ಹೆಸರಲ್ಲ, ಎತ್ತರ. ಮನೆಗೆ ಬಂದಿದ್ದ ಉದ್ದವನ್ನೆಲ್ಲ ದೊಡ್ಡವಳೇ ಖರ್ಚು ಮಾಡಿ ಚಿಕ್ಕವಳಿಗೆ ಚೋಟುದ್ದ ಉಳಿಸಿದಳು ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಕುಳ್ಳಿಗೆ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ದಿನವಿಡೀ ಮೇಷ್ಟ್ರುಗಳ ಕೋಣೆಯಿಂದ ಕೋಣೆಗೆ ಓಡಾಡಿ, ಬರುತ್ತಿಲ್ಲ, ಆಗುತ್ತಿಲ್ಲ, ಹೋಗಿಬಿಟ್ಟಿದೆ ಎನ್ನುವ ಗೋಳು ಕೇಳುವುದೇ ಆ ಕೆಲಸ.

ಲ್ಯಾಪ್‌ಟಾಪ್ ನೆಪ ಸಿಕ್ಕಿದ್ದಕ್ಕೆ ಅವಳಿಗೆ ಖುಷಿಯೇ ಆಯಿತು. ಅಕ್ಕನ ಮುಖ ನೋಡಿ, ದನಿ ಕೇಳಿ ತಿಂಗಳುಗಳೇ ಕಳೆದಿದ್ದವು. ಗಂಟಲಲ್ಲಿ ಗಂಟಾಗಿದೆ, ಮಾತಾಡಕೂಡದು ಅಂದಿದ್ದಾರೆ ಡಾಕ್ಟರು ಎಂದು ಅಕ್ಕ ಮೆಸೇಜ್ ಹಾಕಿದ್ದಳು. ಮದುವೆಗೆ ಮುಂಚೆ ಶಾಲೆಯಲ್ಲಿ ಭಾಷೆ ಕಲಿಸುತ್ತಾ ಗಂಟಲು ಹರಿದುಕೊಂಡವಳು, ಇರಬಹುದು ಎಂದುಕೊಂಡರು ತಾಯಿ ಮಗಳು. ಮೆಸೇಜ್ ಮಾತ್ರ ದಿನಾ ತಪ್ಪದೆ ಬರುತ್ತಿತ್ತು: ಚೆನ್ನಾಗಿದ್ದೇನೆ, ಊಟ ಆಯಿತು, ನೀವು ಹೇಗಿದ್ದೀರಿ. ನೋಡಲು ಬರುತ್ತೇವೆ ಎಂದಾಗಲೆಲ್ಲ ಒಂದಲ್ಲ ಒಂದು ಅಡ್ಡಿ. ಗೋಡೆಗೆ ಬಣ್ಣ ಹೊಡೆಸುತ್ತಿದ್ದೇವೆ, ಅವರಿಗೆ ಜ್ವರ, ನಾವು ಊರಲ್ಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನಿಗೂ ಅವಳು ಬರಲಿಲ್ಲ, ಉದ್ದನೆಯ ಮೆಸೇಜ್ ಬಂತು. ಅಮ್ಮ ಆ ದಿನ ಒಂದು ತುತ್ತೂ ಬಾಯಿಗಿಡಲಿಲ್ಲ.

ನಾಳೆ ಹೋದರೆ ಇನ್ನೂ ದೂರ. ಗಣಿ ಕಂಪನಿಯೊಂದರ ಸ್ಟೋರ್ಸ್ ಮ್ಯಾನೇಜರ್ ಆಗಿದ್ದ ಭಾವನಿಗೆ ಬೆಟ್ಟದ ಮೇಲಿನ ಗಣಿಗೆ ವರ್ಗವಾಗಿತ್ತು. ಅಲ್ಲಿ ಫೋನಿನ ಸಿಗ್ನಲ್ಲೇ ಇಲ್ಲವಂತೆ. ಕ್ವಾರ್ಟರ್ಸಿನ ವೈಫೈ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನೂ ಅಕ್ಕನೇ ಬರೆದು ತಿಳಿಸಿದ್ದಳು.

ಮೂರನೇ ಮಹಡಿಯ ಆ ಮನೆಯ ಬಾಗಿಲು ತೆಗೆದವನು ಭಾವ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮುಖದ ತುಂಬ ನಗು. ಅವಳು ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಕೆಳಗಿನ ಚಿಲಕ ಬಿಟ್ಟು, ಕೈಯೆತ್ತಿ ಎಲ್ಲಕ್ಕಿಂತ ಮೇಲಿನ ಅಗುಳಿ ಹಾಕಿದ. "ಕಳ್ಳರ ಕಾಟ," ಎಂದ. ಹಾಡುಹಗಲಲ್ಲಿ ಯಾವ ಕಳ್ಳ ಎಂದು ಕೇಳುವಷ್ಟರಲ್ಲಿ ಕುಳ್ಳಿಯ ಕಣ್ಣಿಗೆ ಅಕ್ಕ ಬಿದ್ದಳು.

ರಟ್ಟಿನ ಪೆಟ್ಟಿಗೆಗಳ ನಡುವೆ, ಕೈಯಲ್ಲಿ ಅಂಟುಪಟ್ಟಿ ಹಿಡಿದು ನಿಂತಿದ್ದಳು. ಕತ್ತಿನ ಎಲುಬು ಕಾಣುವಷ್ಟು ಇಳಿದುಹೋಗಿದ್ದಳು. ತಂಗಿಯನ್ನು ನೋಡಿ ಅವಳ ಮುಖ ಅರಳಲಿಲ್ಲ. ಗಂಟು ಹಾಕಿಕೊಂಡಿತು.

"ಈಗ ನೆನಪಾಯ್ತಾ ದಾರಿ?" ಎಂದಳು.

ದನಿ ಗಂಟೆ ಬಾರಿಸಿದಂತೆ ಸ್ವಚ್ಛವಾಗಿತ್ತು. ಕುಳ್ಳಿ ಬೆಪ್ಪಾದಳು. "ಅಕ್ಕ, ಗಂಟಲು..." ಎಂದು ಬಾಯಿ ತೆರೆಯುವಷ್ಟರಲ್ಲಿ ಭಾವ ನಡುವೆ ಬಂದು ನಿಂತ.

"ಇವತ್ತು ಪರವಾಗಿಲ್ಲ. ಆದರೂ ಜಾಸ್ತಿ ಮಾತಾಡಿಸಬೇಡ," ಎಂದು ಅವಳಿಗೆ ಹೇಳಿ, ಹೆಂಡತಿಯತ್ತ ತಿರುಗಿ, "ನೀನು ಅಡುಗೆಮನೆ ಪಾತ್ರೆ ಮುಗಿಸಿಬಿಡು. ಇಲ್ಲಿ ನಮಗೆ ಕೆಲಸ ಇದೆ," ಎಂದ. ಗದರಲಿಲ್ಲ, ಬೆಲ್ಲದಂಥ ದನಿಯಲ್ಲೇ ಹೇಳಿದ. ಒಂದು ಕಾಲಕ್ಕೆ ಮೂವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಅಕ್ಕ, ಮರುಮಾತಿಲ್ಲದೆ ಒಳಗೆ ಹೋದಳು.

ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು. ಕುಳ್ಳಿ ಕುಳಿತಳು. ಅಭ್ಯಾಸ ಬಲ, ಮೇಷ್ಟ್ರುಗಳನ್ನು ಕೇಳುವ ಮೊದಲ ಪ್ರಶ್ನೆಯೇ ಬಾಯಿಗೆ ಬಂತು. "ಕೊನೇ ಸಲ ಯಾವಾಗ ಕನೆಕ್ಟ್ ಆಗಿತ್ತು ಭಾವ?"

"ಆಗಿದ್ದರೆ ತಾನೇ? ಬಂದಾಗಿಂದ ಹೀಗೇ."

"ನಿಮ್ಮ ಫೋನು?"

"ಫೋನಿಗೇನೂ ತೊಂದರೆ ಇಲ್ಲ. ಅದು ಆರಾಮಾಗಿ ಓಡ್ತಿದೆ."

ಅಂದರೆ ವೈಫೈ ಸರಿಯಿದೆ, ಪಾಸ್‌ವರ್ಡೂ ಸರಿಯಿದೆ, ಲ್ಯಾಪ್‌ಟಾಪಿನದೇ ಏನೋ ತಕರಾರು. ಅವಳು ಒಂದೊಂದೇ ನೋಡುತ್ತಾ ಬಂದಳು. ವೈಫೈ ಆಫ್ ಮಾಡಿ ಆನ್ ಮಾಡಿದಳು. ತಾರೀಖು, ಗಂಟೆ ಸರಿಯಿದೆಯೇ ಎಂದು ನೋಡಿದಳು. ಉಳಿಸಿಕೊಂಡಿದ್ದ ನೆಟ್‌ವರ್ಕನ್ನು ಮರೆಯುವಂತೆ ಹೇಳಿ, ಹೊಸದಾಗಿ ಹುಡುಕಿಸಿದಳು. ಮನೆಯ ನೆಟ್‌ವರ್ಕು ಪಟ್ಟಿಯ ತುದಿಯಲ್ಲೇ ಬೀಗದ ಗುರುತು ಹೊತ್ತು ಬಂದು ಕುಳಿತಿತು. "ಪಾಸ್‌ವರ್ಡ್ ಹೇಳಿ."

"ನಾನೇ ಹಾಕ್ತೀನಿ, ಸ್ವಲ್ಪ ಆಚೆ ಸರಿ." ಅವಳ ಭುಜದ ಮೇಲಿಂದ ಬಾಗಿ, ಒಂದೇ ಬೆರಳಲ್ಲಿ ಕುಟ್ಟಿದ. ತೆರೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು ಮೂಡಿತು. ಲ್ಯಾಪ್‌ಟಾಪ್ ಸುತ್ತಿ ಸುತ್ತಿ, ಈ ನೆಟ್‌ವರ್ಕಿಗೆ ಸೇರಲಾಗುತ್ತಿಲ್ಲ ಎಂದಿತು. ಇನ್ನೊಂದು ಸಲವೂ ಅದೇ ರಾಗ, ಅದೇ ಹಾಡು.

"ಎಲ್ಲೋ ಒಂದಕ್ಷರ ತಪ್ಪುತ್ತಿರಬೇಕು ಭಾವ. ಅಲ್ಲಿ ಕಣ್ಣಿನ ಚಿತ್ರ ಇದೆಯಲ್ಲ, ಅದನ್ನ ಒತ್ತಿ. ಚುಕ್ಕೆ ಹೋಗಿ ಅಕ್ಷರ ಕಾಣುತ್ತೆ."

ಭಾವ ಗಡಿಯಾರ ನೋಡಿದ. ಆಮೇಲೆ "ನೀನೇನು ಹೊರಗಿನವಳಾ," ಎಂದು ನಕ್ಕು ಕಣ್ಣನ್ನು ಒತ್ತಿದ.

ಚುಕ್ಕೆಗಳು ಹೋಗಿ ಅಕ್ಷರಗಳು ಕಂಡವು. ಎನ್, ಎ, ಇನ್ನೊಂದು ಎ, ಡಬ್ಲ್ಯೂ, ಐ, ಎರಡು ಬಿ, ಎ, ಆರ್, ಇ. ನಮ್ಮ ಮಾತನ್ನು ಇಂಗ್ಲಿಷಿನ ಅಂಗಿ ತೊಡಿಸಿ ಕೂರಿಸುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ, ಕುಳ್ಳಿ ಸಲೀಸಾಗಿ ಓದಿಕೊಂಡಳು. ನಾವಿಬ್ಬರೇ.

ಪ್ರೀತಿಯ ಮಾತೇ, ಗಂಡ ಹೆಂಡತಿ ಇರುವ ಮನೆಗೆ ಒಪ್ಪುವಂಥದ್ದೇ. ಆದರೂ ಅವಳ ಕಣ್ಣು ಡಬ್ಲ್ಯೂ ಮೇಲೆ ನಿಂತಿತು, ಅಲ್ಲಿಂದ ಕೀಳಲಾಗಲಿಲ್ಲ.

ಅಕ್ಕ ಜನ್ಮದಲ್ಲಿ ಡಬ್ಲ್ಯೂ ಹಾಕಿದವಳಲ್ಲ. "ನಮ್ಮ 'ವ'ಕ್ಕೆ ಹಲ್ಲು ತುಟಿಗೆ ತಾಗಬೇಕು ಕಣೇ, ಅದಕ್ಕೆ ವಿ. ತುಟಿ ಗುಂಡಗೆ ಮಾಡೋ ಡಬ್ಲ್ಯೂ ನಮಗ್ಯಾಕೆ?" ಎಂದು ತಂಗಿಯ ಮೆಸೇಜುಗಳನ್ನೂ ಬಿಡದೆ ತಿದ್ದುತ್ತಿದ್ದ ಮೇಷ್ಟ್ರಮ್ಮ ಅವಳು. ದೀರ್ಘಕ್ಕೂ ಒಂದೇ ಎ ಹಾಕುವಷ್ಟು ಜಿಪುಣಿ. ಆದರೆ ಗಂಟಲು ಕೆಟ್ಟಾಗಿನಿಂದ ಬರುತ್ತಿದ್ದ ಮೆಸೇಜುಗಳಲ್ಲಿ ಎಲ್ಲ ಕಡೆ ಎರಡೆರಡು ಎ, ಎಲ್ಲ 'ವ'ಕ್ಕೂ ಡಬ್ಲ್ಯೂ. 'ನಾವು ಬರುವುದಿಲ್ಲ' ಎನ್ನುವುದರಲ್ಲೇ ಎರಡು. ಕುಳ್ಳಿ ಒಮ್ಮೆ ಕೆಣಕಿದ್ದಳು, ಏನೇ, ನಿನ್ನ ಹಲ್ಲೆಲ್ಲ ಉದುರಿಹೋಯ್ತಾ ಎಂದು. ಹೊಸ ಫೋನು, ತಾನೇ ಹಾಕಿಕೊಳ್ಳುತ್ತದೆ ಎಂದು ಉತ್ತರ ಬಂದಿತ್ತು. ಕಂಪ್ಯೂಟರ್ ವಿಭಾಗದ ಜಾಣೆ ಅದನ್ನು ನಂಬಿದ್ದಳು!

ಲೋಕದಲ್ಲಿ ಡಬ್ಲ್ಯೂ ಹಾಕುವವರಿಗೇನು ಬರ, ಸುಮ್ಮನೆ ಹೆದರಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆ ಸ್ವಚ್ಛವಾದ ದನಿ? ಈಗ ನೆನಪಾಯ್ತಾ ದಾರಿ ಎಂಬ ಮಾತು? ದಿನಾ ಮೆಸೇಜ್ ಹಾಕುವವಳು ಹಾಗೆ ಕೇಳುತ್ತಾಳೆಯೇ? ಕೊನೇ ಸಲ ಅಕ್ಕನ ಜೊತೆ ಮಾತಾಡಿದ್ದು ಯಾವಾಗ, ಆಮೇಲೆ ಏನು ಬದಲಾಯಿತು ಎಂದು ಯಾರಾದರೂ ತನ್ನನ್ನೇ ಕೇಳಿದ್ದರೆ, ಎಲ್ಲ ಅಂದೇ ಗೊತ್ತಾಗಿಬಿಡುತ್ತಿತ್ತು.

"ಏನಾಯ್ತು? ತಪ್ಪಿದೆಯಾ?" ಭಾವನ ಉಸಿರು ಅವಳ ಕಿವಿಯ ಹತ್ತಿರವೇ ಇತ್ತು.

"ಇಲ್ಲ ಭಾವ. ಸರಿಯಾಗೇ ಇದೆ." ದನಿ ನಡುಗಲಿಲ್ಲ, ಪುಣ್ಯ. "ಅಕ್ಕನ ಫೋನಲ್ಲೂ ಒಂದ್ಸಲ ನೋಡೋಣ್ವಾ? ಎರಡು ಫೋನಲ್ಲಿ ಹಿಡಿದರೆ ನಮಗೆ ಖಾತ್ರಿ ಆಗುತ್ತೆ."

"ಅವಳ ಫೋನ್ ಪ್ಯಾಕ್ ಆಗಿಹೋಗಿದೆ," ಎಂದ ಭಾವ. ಹೇಳುವಾಗ ಅವನ ಕೈ ತನ್ನಷ್ಟಕ್ಕೇ ಪ್ಯಾಂಟಿನ ಎಡ ಜೇಬನ್ನು ಮುಟ್ಟಿ ನೋಡಿಕೊಂಡಿತು. ಬಲಗೈಯಲ್ಲಿ ಅವನದೇ ಫೋನಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಗಾದೆಯಲ್ಲಿ ಮಾತ್ರ ಇರುವುದಿಲ್ಲ.

ಕುಳ್ಳಿಗೆ ಈಗ ಭಯ ನಿಜವಾಗಿ ಹತ್ತಿತು. ನಾಳೆ ಆ ಲಾರಿ ಹೊರಟರೆ ಅಕ್ಕ ಬೆಟ್ಟದ ಮೇಲೆ, ಸಿಗ್ನಲ್ ಇಲ್ಲದ ಮನೆಯಲ್ಲಿ, ಈ ಮನುಷ್ಯನ ಪಾಸ್‌ವರ್ಡಿನ ಹಿಂದೆ. ಆಮೇಲೆ ವರ್ಷಗಟ್ಟಲೆ 'ಚೆನ್ನಾಗಿದ್ದೇನೆ' ಬರುತ್ತಿರುತ್ತದೆ. ಅಕ್ಕ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ.

ಲ್ಯಾಪ್‌ಟಾಪಿನ ರೋಗ ಏನೆಂಬುದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು. ಮನೆಗೆ ವೈಫೈ ಹಂಚುವ ರೌಟರ್ ಹಳೇ ಕಾಲದ್ದು, ಅದರ ಬೀಗವೂ ಹಳೇ ಬಗೆಯದು ಎಂದು ಲ್ಯಾಪ್‌ಟಾಪಿನ ಪಟ್ಟಿಯೇ ಹೇಳುತ್ತಿತ್ತು. ಅಂಥ ಬೀಗ ನಂಬಬೇಡ ಎಂದು ಆಫೀಸಿನವರು ಹೊಸ ಲ್ಯಾಪ್‌ಟಾಪಿಗೆ ಕಲಿಸಿ ಕಳಿಸಿದ್ದರು. ರೌಟರಿನೊಳಗೆ ಹೋಗಿ ಬೀಗದ ಬಗೆ ಬದಲಿಸಿದರೆ ಮುಗಿಯಿತು, ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅದನ್ನು ಅವಳು ಹೇಳಲಿಲ್ಲ. ಹೇಳಿದರೆ ಕೆಲಸ ಮುಗಿಯುತ್ತದೆ, ಕೆಲಸ ಮುಗಿದರೆ ಅವಳು ಹೊರಡಬೇಕು.

"ರೌಟರ್ ಎಲ್ಲಿದೆ ಭಾವ?"

"ಮಲಗೋ ಕೋಣೇಲಿ, ಬೀರು ಮೇಲೆ ಗೋಡೆಗೆ ಹೊಡೆಸಿದ್ದೀನಿ. ಯಾಕೆ?"

"ಅದನ್ನ ರೀಸೆಟ್ ಮಾಡಬೇಕು. ಹಿಂಭಾಗದಲ್ಲಿ ಸಾಸಿವೆ ಕಾಳಷ್ಟು ತೂತು ಇರುತ್ತೆ. ಸೂಜಿ ತೂರಿಸಿ ಒತ್ತಿ ಹಿಡೀಬೇಕು. ನನಗೆ ಎಟುಕಲ್ಲ, ನನ್ನ ಎತ್ತರ ನಿಮಗೆ ಗೊತ್ತಲ್ಲ. ನೀವು ಹಿಡ್ಕೊಳ್ಳಿ, ನಾನು ಇಲ್ಲಿ ನೋಡಿ ಹೇಳ್ತೀನಿ. ಹಳೇ ಮಾಡೆಲ್ಲು, ಟೈಮ್ ತಗೊಳ್ಳುತ್ತೆ. ನಡುವೆ ಬಿಟ್ಟರೆ ಸುಟ್ಟೇಹೋಗುತ್ತೆ, ಆಮೇಲೆ ಸಂಜೆ ಮೀಟಿಂಗ್ ಮರೆತುಬಿಡಿ."

ಅಷ್ಟು ಹಸಿ ಸುಳ್ಳನ್ನು ಅವಳು ಕಾಲೇಜಿನಲ್ಲಿ ಹೇಳಿದ್ದರೆ ಮೊದಲ ವರ್ಷದ ಮಕ್ಕಳೂ ನಗುತ್ತಿದ್ದರು. ಭಾವ ನಗಲಿಲ್ಲ. ಅವಳ ಮುಖವನ್ನೇ ದಿಟ್ಟಿಸಿದ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಆಮೇಲೆ ಅವನು ಹೊಲಿಗೆ ಡಬ್ಬದಿಂದ ಸೂಜಿ ತೆಗೆದುಕೊಂಡು, ಕುರ್ಚಿ ಎತ್ತಿಕೊಂಡು ಕೋಣೆಗೆ ಹೋದ.

"ಒತ್ತಿದೆ!" ಎಂಬ ಕೂಗು ಬಂತು.

"ಹಾಗೇ ಹಿಡ್ಕೊಳ್ಳಿ ಭಾವ! ಬಿಡಬೇಡಿ!"

ಕುಳ್ಳಿ ಹೆಜ್ಜೆ ಸದ್ದಾಗದಂತೆ ಅಡುಗೆಮನೆಗೆ ಓಡಿದಳು. ಅಕ್ಕ ತಟ್ಟೆಗಳಿಗೆ ಹಳೇ ಪೇಪರ್ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

"ಅಕ್ಕ, ನಿನ್ನ ಫೋನ್ ಎಲ್ಲಿ?"

"ಕೆಟ್ಟು ಎಷ್ಟೋ ಕಾಲ ಆಯ್ತು. ರಿಪೇರಿಗೆ ಕೊಟ್ಟಿದ್ದಾರೆ. ನಿನಗ್ಯಾಕೆ ಈಗ?"

"ನೀನು ನಮಗೆ ದಿನಾ ಮೆಸೇಜ್ ಹಾಕ್ತೀಯ ಅಕ್ಕ."

ಪೇಪರ್ ಸುತ್ತುತ್ತಿದ್ದ ಕೈ ನಿಂತಿತು. "ತಮಾಷೆ ಮಾಡ್ತಿದ್ದೀಯಾ? ಅಮ್ಮನ ಕಣ್ಣಿನ ಆಪರೇಷನ್ ಆಗಿ ವಾರ ಕಳೆದ ಮೇಲೆ ನನಗೆ ಗೊತ್ತಾಗಿದ್ದು. ಅವಳಿಗೆ ಹೇಳಬೇಡಿ, ಅವಳ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಲಂತಲ್ಲ ಅಮ್ಮ. ಇವರು ಹೇಳುವಾಗ ಇವರ ಕಣ್ಣಲ್ಲೇ ನೀರಿತ್ತು. ಒಂದು ಸಲ, ಒಂದೇ ಒಂದು ಸಲ ಯಾರಾದ್ರೂ ಬಂದು ಕೇಳಿದ್ರಾ, ಬದುಕಿದ್ದೀಯಾ ಸತ್ತಿದ್ದೀಯಾ ಅಂತ?"

"ಇನ್ನೂ ಎಷ್ಟು ಹೊತ್ತು?" ಕೋಣೆಯಿಂದ ಕೂಗು.

"ಇನ್ನೊಂಚೂರು ಭಾವ! ಅರ್ಧ ಆಗಿದೆ!" ಕೂಗಿ, ಕುಳ್ಳಿ ದನಿ ಇಳಿಸಿದಳು. "ಅಮ್ಮ ಆವತ್ತು ಊಟ ಮಾಡಲಿಲ್ಲ ಅಕ್ಕ, ನೀನು ಬರಲಿಲ್ಲ ಅಂತ. ಗಂಟಲು ನೋವು, ಬರೋಕಾಗಲ್ಲ ಅಂತ ನೀನೇ ಬರೆದಿದ್ದೆ. ನೋಡು, ನೀನೇ ಓದು."

ಅಕ್ಕ ಫೋನನ್ನು ನೋಡಿದಳೇ ಹೊರತು ಮುಟ್ಟಲಿಲ್ಲ. ಅವಳ ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಅಷ್ಟು ಕಾಲ ಒಬ್ಬನೇ ಒಬ್ಬನ ಬಾಯಿಂದ ಲೋಕವನ್ನು ಕೇಳಿಸಿಕೊಂಡವಳಿಗೆ ಒಂದು ನಿಮಿಷದಲ್ಲಿ ಇನ್ನೊಂದು ಲೋಕ ತೋರಿಸಿದರೆ ನಂಬುವುದು ಹೇಗೆ? "ಇದನ್ನೆಲ್ಲ ನೀನೇ ಬರ್ಕೊಂಡು ಬಂದಿರಬಹುದು," ಎಂದಳು. ಕುಳ್ಳಿಗೆ ಅಳು ಬಂತು. ಮಾತಿಗೆ ಮಾತು ಸೇರಿಸಿದಷ್ಟೂ ಅಕ್ಕ ದೂರವಾಗುತ್ತಿದ್ದಳು.

ಆಗ ಕುಳ್ಳಿಯ ಅಂಗೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು.

ಅಕ್ಕನ ಹೆಸರು. ಅಕ್ಕನ ಫೋಟೋ. ಅದರ ಕೆಳಗೆ ಹೊಸ ಮೆಸೇಜು.

'ಕುಳ್ಳಿ, ನೀನು ಬಂದದ್ದು ನನಗೆ ಇಷ್ಟವಿಲ್ಲ. ಅವರು ಒಳ್ಳೆಯವರು, ಬಾಯಿ ಬಿಟ್ಟು ಹೇಳುವುದಿಲ್ಲ. ಕೆಲಸ ಮುಗಿಸಿ ಬೇಗ ಹೊರಡು. ನಾವು ನೆಮ್ಮದಿಯಾಗಿದ್ದೇವೆ.' ಪ್ರತಿಯೊಂದು 'ವ'ಕ್ಕೂ ಡಬ್ಲ್ಯೂ.

ಅಕ್ಕ ಓದಿದಳು. ತನ್ನ ಎರಡೂ ಖಾಲಿ ಕೈಗಳನ್ನು ನೋಡಿಕೊಂಡಳು. ಆಮೇಲೆ ಮಲಗುವ ಕೋಣೆಯತ್ತ ನೋಡಿದಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಹೆಂಡತಿ. ಎರಡನ್ನೂ ಏಕಕಾಲಕ್ಕೆ ಒತ್ತಿ ಹಿಡಿದು ಕುರ್ಚಿಯ ಮೇಲೆ ನಿಂತಿದ್ದ ಪುಣ್ಯಾತ್ಮ.

ಅಕ್ಕ ಅಳಲಿಲ್ಲ. ಪೇಪರ್ ಅರ್ಧ ಸುತ್ತಿ ಬಿಟ್ಟಿದ್ದ ತಟ್ಟೆಯನ್ನು ಎತ್ತಿ, ಒಂದಿಷ್ಟೂ ಸದ್ದಾಗದಂತೆ, ಮಗುವನ್ನು ಮಲಗಿಸುವ ಹಾಗೆ ಪೆಟ್ಟಿಗೆಯಲ್ಲಿಟ್ಟಳು. ಸದ್ದು ಮಾಡದೆ ಬದುಕುವುದನ್ನು ಈ ಮನೆಯಲ್ಲಿ ಅವಳು ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಕುಳ್ಳಿಗೆ ಗೊತ್ತಾದದ್ದು ಆಗ.

"ಕುಳ್ಳೀ? ಮೆಸೇಜ್ ಏನಾದ್ರೂ ಬಂತಾ ನಿನಗೆ?" ಒಳಗಿನಿಂದ ಬೆಲ್ಲದ ದನಿ.

"ನೋಡಿಲ್ಲ ಭಾವ! ಕೈ ಖಾಲಿ ಇಲ್ಲ! ಈಗ ಲೈಟ್ ಬರ್ತಾ ಇದೆ, ಅಲ್ಲಾಡಬೇಡಿ!"

ಇಬ್ಬರೂ ಹಜಾರ ದಾಟಿ ಬಾಗಿಲಿಗೆ ಬಂದರು. ಕುಳ್ಳಿ ತುದಿಗಾಲಲ್ಲಿ ನಿಂತಳು, ಮೇಲಿನ ಅಗುಳಿ ಬೆರಳಿಗೆ ಸಿಗಲಿಲ್ಲ. ಹಾರಿದರೆ ಸದ್ದಾಗುತ್ತದೆ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಆ ಅಗುಳಿಯನ್ನೇ ನೋಡುತ್ತಾ ನಿಂತಿದ್ದಳು. ಅದು ಅವಳಿಗೆ ಎಂದೂ ಎಟುಕದಷ್ಟು ಎತ್ತರದಲ್ಲಿ ಇರಲಿಲ್ಲ. ಕೈ ಎತ್ತಿದರೆ ಸಾಕಿತ್ತು, ಎಲ್ಲ ದಿನವೂ ಸಾಕಿತ್ತು. ಎಲ್ಲಿಗೆ ಹೋಗಲಿ, ನಾನು ಯಾರಿಗೂ ಬೇಡವಲ್ಲ ಎಂದುಕೊಂಡೇ ಅವಳು ಕೈ ಎತ್ತಿರಲಿಲ್ಲ. ಇಂದು ಎತ್ತಿ ಸರಿಸಿದಳು. ಅಗುಳಿ ಕಿರ್ರ್ ಎಂದಿತು.

ಕೋಣೆಯಲ್ಲಿ ಕುರ್ಚಿ ಅಲುಗಿದ ಸದ್ದು. "ಏನದು?"

ಉತ್ತರ ಕೊಟ್ಟವಳು ಅಕ್ಕ. "ಪೆಟ್ಟಿಗೆ ಸರಿಸಿದೆ ಕಣ್ರೀ," ಎಂದಳು, ದಿನದ ದನಿಯಲ್ಲೇ. "ನೀವು ಹಿಡ್ಕೊಂಡೇ ಇರಿ."

ಆಮೇಲೆ ಕಾಲಿಗೆ ಬುದ್ಧಿ ಹೇಳಿದರು. ಅಕ್ಕ ಬರಿಗಾಲಲ್ಲಿ ಮೂರು ಮಹಡಿ ಇಳಿದಳು. ಬೀದಿಯ ತಿರುವಿನಲ್ಲಿ ಟ್ಯಾಕ್ಸಿಯೊಂದು ಸಿಕ್ಕಿತು. ಅಮ್ಮನ ಮನೆ ಊರಿನ ಇನ್ನೊಂದು ತುದಿ. ಕುಳ್ಳಿ ದಾರಿ ಹೇಳಿ ಹಿಂದಕ್ಕೊರಗಿದಾಗ ಕಟ್ಟಡದ ಗೇಟಿನಿಂದ ಭಾವನ ಬೈಕು ಹೊರಬಂತು. ಅದು ಅವರ ಹಿಂದೆ ಬರಲಿಲ್ಲ. ಅವಸರವಿಲ್ಲದೆ ಪಕ್ಕದ ಓಣಿಗೆ ತಿರುಗಿ ಹೋಯಿತು.

"ಬಿಟ್ಟುಬಿಟ್ಟರಾ?" ಎಂದಳು ಕುಳ್ಳಿ.

ಅಕ್ಕ ತಿರುಗಿ ಹಿಂದಿನ ಗಾಜಿನಲ್ಲಿ ಬೀದಿ ನೋಡಿದಳು. ಟ್ಯಾಕ್ಸಿ ಅರ್ಧ ದಾರಿ ದಾಟಿದ ಮೇಲೆ ಮತ್ತೊಂದು ಸಿಗ್ನಲ್ ಕೆಂಪಾಗಿತ್ತು, ಕಾರುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಬೈಕು ನುಗ್ಗುವಂಥ ಓಣಿಗಳು ಟ್ಯಾಕ್ಸಿಗೆ ಎಲ್ಲಿಂದ ಬರಬೇಕು? ಆಗ ಫೋನ್ ಬಂತು, ಅಮ್ಮನದು. ಅಮ್ಮನ ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು.

"ಕುಳ್ಳೀ, ಎಲ್ಲಿದ್ದೀಯೇ? ನಿಮ್ಮಕ್ಕನ ಮೆಸೇಜ್ ಬಂತು! ನಾಳೆ ಹೊರಡೋ ಮುಂಚೆ ಅಮ್ಮನ್ನ ನೋಡ್ಕೊಂಡು ಬನ್ನಿ ಅಂತ ಅಳಿಯಂದಿರನ್ನ ಕಳಿಸ್ತಿದ್ದಾಳಂತೆ. ದಾರೀಲಿದ್ದಾರೆ, ಬಾಗಿಲು ತೆಗೆದಿಡು ಅಂದಿದ್ದಾಳೆ."

ಅಕ್ಕ ತಂಗಿಯ ಕೈಯಿಂದ ಫೋನ್ ಕಿತ್ತುಕೊಂಡಳು. "ಅಮ್ಮಾ, ನಾನು. ನಾನಮ್ಮ. ಅದು ನಾನು ಕಳಿಸಿದ್ದಲ್ಲ. ಬಾಗಿಲು ಹಾಕ್ಕೋ, ಈಗಲೇ ಹಾಕ್ಕೋ!"

ಅಷ್ಟು ತಿಂಗಳ ಮೇಲೆ ಮಗಳ ದನಿ ಕೇಳಿ ಅಮ್ಮ ಬಿಕ್ಕುತ್ತಾ, ನಗುತ್ತಾ, ಮಗಳ ಮಾತಿನ ಮೇಲೆ ಮಾತು ಹಾಕಿದಳು.

"ಅಯ್ಯೋ ನನ್ನ ಕಂದ, ಮಾತಾಡಬೇಡ್ವೇ, ಗಂಟಲು ಕೆಡುತ್ತೆ! ಅಲ್ಲಿಂದಲೇ ಬರೆದು ಕಳಿಸು, ನಾನು ಓದ್ಕೋತೀನಿ. ಇರು, ಬೈಕ್ ನಿಂತ ಸದ್ದಾಯ್ತು. ಬಂದರು ಅನ್ಸುತ್ತೆ."